ಪಟ್ಟಿ ಬರುವ ಮೊದಲೇ ಹಸಿವು ಬಂತು

— ಪೇಪರಿನಲ್ಲಿ ಮತ್ತೆ ಅದೇ ಬರೆದಿದ್ದಾರೆ ನೋಡು. ಬಿಟ್ಟಿ ಅಕ್ಕಿ ಕೊಟ್ಟು ಕೊಟ್ಟು ನಾವೂ ಒಂದು ದಿನ ಶ್ರೀಲಂಕಾ ಆಗ್ತೇವಂತೆ. ನಾನು ಸರ್ವಿಸ್ ಪೂರ್ತಿ ಆಹಾರ ಇಲಾಖೆಯಲ್ಲಿ ಕಳೆದವ. ಈ ಮಾತು ಕೇಳಿದಾಗಲೆಲ್ಲ ಮನಸ್ಸಿಗೆ ನೋವಾಗ್ತದೆ. ಆದರೆ ಎದುರುತ್ತರ ಕೊಡ್ಲಿಕ್ಕೆ ನನ್ನ ಹತ್ರ ವಿಷಯ ಸಾಲದು. ನೀನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ನೀನೇ ಹೇಳು, ಲಂಕೆ ಬಿದ್ದದ್ದು ಬಿಟ್ಟಿ ಅಕ್ಕಿಯಿಂದಲಾ?

— ಖಂಡಿತ ಅಲ್ಲ ಮಾವ. ಎಲ್ಲರಿಗೂ ರೇಷನ್ ಅಕ್ಕಿ ಕೊಡುವುದನ್ನು ಅಲ್ಲಿ ನಿಲ್ಲಿಸಿ ನಲವತ್ತು ವರ್ಷ ದಾಟಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ ಶುರುವಾದ ಅಕ್ಕಿಯ ರೇಷನ್ 1979ರಲ್ಲಿ ಮುಗಿಯಿತು. ದೇಶ ದಿವಾಳಿ ಎದ್ದದ್ದು 2022ರಲ್ಲಿ. ಒಂದಕ್ಕೊಂದು ಸಂಬಂಧ ಕಟ್ಟುವುದು ಹೇಗೆ?

— ಹಾಗಾದ್ರೆ ಎಂತದರಿಂದ ಬಿತ್ತು?

— 2019ರ ಡಿಸೆಂಬರಿನಿಂದ ಹೇಳ್ತೇನೆ. ಗೋಟಬಯ ರಾಜಪಕ್ಸ ಅಧ್ಯಕ್ಷರಾದ ಕೂಡಲೇ ತೆರಿಗೆ ಇಳಿಸಿದರು. ವ್ಯಾಟ್ ನೂರಕ್ಕೆ 15 ಇದ್ದದ್ದು ಒಂದೇ ಏಟಿಗೆ 8ಕ್ಕೆ ಬಂತು. ಸರ್ಕಾರಕ್ಕೆ ಬರುವ ತೆರಿಗೆ ಜಿಡಿಪಿಯ ನೂರಕ್ಕೆ ಎಂಟರ ಆಸುಪಾಸಿಗೆ ಕುಸಿಯಿತು. ಅಷ್ಟರಲ್ಲಿ ಕೋವಿಡ್ ಬಂತು. 2019ರ ಈಸ್ಟರ್ ದಿನದ ಬಾಂಬು ದಾಳಿಯಿಂದ ಮೊದಲೇ ಬಡವಾಗಿದ್ದ ಪ್ರವಾಸೋದ್ಯಮ ಪೂರ್ತಿ ನಿಂತು ಹೋಯಿತು. ಹೊರದೇಶದ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಎತ್ತಿದ್ದ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಡಾಲರ್ ಬರುವ ದಾರಿ ಮುಚ್ಚಿತು, ಹೋಗುವ ದಾರಿ ತೆರೆದೇ ಇತ್ತು. ಇದರಲ್ಲಿ ಬಡವನ ಅಕ್ಕಿ ಎಲ್ಲಿಂದ ಬಂತು? ಉಳ್ಳವರಿಗೆ ಬಿಟ್ಟುಕೊಟ್ಟ ತೆರಿಗೆ ಬಂತು, ಬಡ್ಡಿ ಬಂತು.

— ಗೊಬ್ಬರದ್ದೂ ಏನೋ ಇತ್ತಲ್ಲ?

— ಇತ್ತು. 2021ರ ಮೇ ತಿಂಗಳಿಂದ ರಾಸಾಯನಿಕ ಗೊಬ್ಬರ ತರಿಸುವುದನ್ನೇ ನಿಷೇಧ ಮಾಡಿದರು. ಇಡೀ ದೇಶ ಒಂದೇ ಹಂಗಾಮಿನಲ್ಲಿ ಸಾವಯವ ಆಗಬೇಕು ಅಂತ.

— ಸಾವಯವ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಮ್ಮ ತೋಟಕ್ಕೆ ನಾನೂ ಹಟ್ಟಿಗೊಬ್ಬರವನ್ನೇ ನಂಬಿದವ. ಆದರೆ ಗದ್ದೆಯ ಮಣ್ಣು ಸುಧಾರಿಸಲಿಕ್ಕೆ ವರ್ಷಗಟ್ಟಲೆ ಬೇಕು. ಅದು ಸರ್ಕಾರದ ಆದೇಶ ಕೇಳುವುದಿಲ್ಲ.

— ಅದೇ ಆಯಿತು. ಅಲ್ಲಿ ಭತ್ತದ ದೊಡ್ಡ ಬೆಳೆಗೆ ‘ಮಹಾ’ ಅಂತ ಹೆಸರು, ಚಿಕ್ಕದಕ್ಕೆ ‘ಯಲ’. ಆ ವರ್ಷದ ಮಹಾ ಬೆಳೆ ಸುಮಾರು ನೂರಕ್ಕೆ ನಲವತ್ತರಷ್ಟು ಕಡಿಮೆಯಾಯಿತು. ನವೆಂಬರಿನಲ್ಲಿ ನಿಷೇಧ ಸಡಿಲಿಸಿದರು, ಆದರೆ ಅಷ್ಟು ಹೊತ್ತಿಗೆ ಗದ್ದೆಯಲ್ಲಿ ಪೈರು ನಿಂತಿತ್ತು, ಗೊಬ್ಬರ ತರಿಸಲು ಡಾಲರೂ ಇರಲಿಲ್ಲ. ಅನ್ನದಲ್ಲಿ ಸ್ವಾವಲಂಬಿ ಅನಿಸಿಕೊಂಡಿದ್ದ ದೇಶ ಬೇರೆಯವರ ಅಕ್ಕಿಗೆ ಕೈಚಾಚಬೇಕಾಯಿತು. ಚೀನಾದಿಂದ ತರಿಸಿದ ಸಾವಯವ ಗೊಬ್ಬರದಲ್ಲಿ ಅಪಾಯದ ಬ್ಯಾಕ್ಟೀರಿಯಾ ಉಂಟು ಅಂತ ಹಡಗನ್ನು ಹಿಂದೆ ಕಳಿಸಿದರು. ಕೊನೆಗೆ ಆ ಕಂಪನಿಗೆ 67 ಲಕ್ಷ ಡಾಲರ್ ತೆರಬೇಕಾಯಿತು. ಬಾರದ ಗೊಬ್ಬರಕ್ಕೆ.

— ಅಯ್ಯೋ ದೇವರೇ.

— ಇನ್ನು ಅಡುಗೆಮನೆಗೆ ಬನ್ನಿ. ಲಂಕೆಯ ಬಡವರ ಊಟ ಅಂದರೆ ಅನ್ನ, ಪರಿಪ್ಪು ಅಂದರೆ ಬೇಳೆ, ತೆಂಗಿನಕಾಯಿಯ ಸಂಬೋಲ, ಸಿಕ್ಕಿದರೆ ಒಂದು ತುಂಡು ಮೀನು. ಬೇಳೆ, ಗೋಧಿ, ಹಾಲಿನ ಪುಡಿ, ಅಡುಗೆ ಗ್ಯಾಸು, ಸೀಮೆಎಣ್ಣೆ ಎಲ್ಲ ಹೊರಗಿಂದ ಬರಬೇಕು. 2022ರ ಆರಂಭದಲ್ಲಿ ಆಹಾರ ತುಂಬಿದ ಕಂಟೇನರುಗಳು ಕೊಲಂಬೊ ಬಂದರಿನಲ್ಲೇ ರಾಶಿ ಬಿದ್ದಿದ್ದವು. ವ್ಯಾಪಾರಿಗಳ ಹತ್ತಿರ ರೂಪಾಯಿ ಇತ್ತು, ಬ್ಯಾಂಕಿನಲ್ಲಿ ಡಾಲರ್ ಇರಲಿಲ್ಲ. ಬಿಡಿಸಿಕೊಳ್ಳುವುದು ಹೇಗೆ? ಮಾರ್ಚಿನಿಂದ ಮೇ ಒಳಗೆ ಡಾಲರಿಗೆ 200 ಇದ್ದ ಅವರ ರೂಪಾಯಿ 360ಕ್ಕೆ ಹೋಯಿತು. ಸೆಪ್ಟೆಂಬರಿಗೆ ಕೊಲಂಬೊದಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ನೂರಕ್ಕೆ 94.9ರಷ್ಟು ಏರಿತ್ತು. ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು. ಕೂಲಿ ಎರಡು ಪಟ್ಟಾಗಲಿಲ್ಲ.

— ಆಗ ಟಿವಿಯಲ್ಲಿ ಕ್ಯೂ ತೋರಿಸ್ತಿದ್ರು. ಪೆಟ್ರೋಲಿಗೆ, ಗ್ಯಾಸಿಗೆ. ಕ್ಯೂನಲ್ಲೇ ಜನ ಸತ್ತರು ಅಂತ.

— ಸತ್ತರು, ಹೆಚ್ಚಿನವರು ಬಿಸಿಲಲ್ಲಿ ಗಂಟೆಗಟ್ಟಲೆ ನಿಂತ ವಯಸ್ಸಾದವರು. ಪರೀಕ್ಷೆ ನಡೆಸಲು ಕಾಗದ ಇಲ್ಲ ಅಂತ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಪರೀಕ್ಷೆ ಮುಂದೂಡಿದರು. ಆದರೆ ಕ್ಯಾಮೆರಾ ಹೋದದ್ದು ಕ್ಯೂ ಇದ್ದಲ್ಲಿಗೆ. ಕ್ಯೂ ನಿಲ್ಲಲೂ ಕೈಯಲ್ಲಿ ಹಣ ಬೇಕು ಮಾವ. ಹಣ ಇಲ್ಲದವರು ಮನೆಯಲ್ಲೇ ಉಳಿದರು. ವಿಶ್ವ ಆಹಾರ ಕಾರ್ಯಕ್ರಮದವರು ಎಣಿಸಿದಾಗ ಸರಿಯಾದ ಊಟಕ್ಕೆ ಗತಿಯಿಲ್ಲದವರು 63 ಲಕ್ಷ ಇದ್ದರು, ಸುಮಾರು 2.2 ಕೋಟಿ ಜನಸಂಖ್ಯೆಯ ದೇಶದಲ್ಲಿ. ಎಲ್ಲ ಕಡೆಯಂತೆ ಅಲ್ಲೂ ಮೊದಲು ಊಟ ಬಿಟ್ಟದ್ದು ತಾಯಂದಿರು. ಆಮೇಲೆ ಮೀನು, ಮೊಟ್ಟೆ, ಹಾಲು ಬಿಟ್ಟರು. ಮಕ್ಕಳ ಬಟ್ಟಲಿನಲ್ಲಿ ಅನ್ನ ಉಳಿಯಿತು, ಪೌಷ್ಟಿಕ ಅನ್ನುವಂಥದ್ದು ಉಳಿಯಲಿಲ್ಲ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದ ‘ತ್ರಿಪೋಷ’ ಎಂಬ ಪೌಷ್ಟಿಕ ಪುಡಿಯ ಉತ್ಪಾದನೆಯೂ ಮೆಕ್ಕೆಜೋಳ ಸಿಗದೆ ಕುಂಟಿತು. ಅತಿ ಹೆಚ್ಚು ಬೇಕಾಗಿದ್ದ ವರ್ಷವೇ.

— ನಮ್ಮ ಅಂಗನವಾಡಿಯ ಪುಷ್ಟಿ ಪ್ಯಾಕೆಟ್ ಒಂದು ತಿಂಗಳು ತಡ ಆದ್ರೆ ಏನಾಗ್ತದೆ ಅಂತ ನನಗೆ ಗೊತ್ತುಂಟು. ಮಗುವಿನ ತೂಕದ ಪುಸ್ತಕದಲ್ಲಿ ಕಾಣ್ತದೆ. ಸರಿ, ಅಲ್ಲಿಯ ಬಡವರಿಗೆ ಏನೂ ಯೋಜನೆಯೇ ಇರಲಿಲ್ಲವಾ?

— ಇತ್ತು. ‘ಸಮೃದ್ಧಿ’ ಅಂತ, 1990ರ ದಶಕದ ಮಧ್ಯದಿಂದ ನಡೆದುಕೊಂಡು ಬಂದದ್ದು. ಕುಟುಂಬದ ಗಾತ್ರ ನೋಡಿ ತಿಂಗಳಿಗೆ 420ರಿಂದ 3,500 ರೂಪಾಯಿವರೆಗೆ, ಅವರ ರೂಪಾಯಿ. 2022ರ ಏಪ್ರಿಲ್ ಕೊನೆಗೆ ಒಂದು ಗ್ಯಾಸ್ ಸಿಲಿಂಡರಿಗೇ ಐದು ಸಾವಿರದ ಹತ್ತಿರ ಆಗಿತ್ತು.

— ಮತ್ತೆ ಆ ಪಟ್ಟಿ ಯಾವ ಕಾಲದ್ದು?

— ಹಳೆಯದು. ಒಂದೊಂದು ಪಕ್ಷ ಬಂದಾಗ ಒಂದಿಷ್ಟು ಹೆಸರು ಸೇರಿದ್ದವು, ತೆಗೆದುಹಾಕಿದ್ದು ಕಡಿಮೆ.

— ಇದು ನನ್ನ ವಿಷಯ. ಇದರ ಬಗ್ಗೆ ನಾನು ಹೇಳ್ತೇನೆ, ನೀನು ಕೇಳು. ಕಾರ್ಡಿನ ಪಟ್ಟಿ ಮಾಡುವವನ ಕೈಯಲ್ಲಿ ಒಂದು ಫಾರಂ ಇರ್ತದೆ. ಮನೆ ಹಂಚಿನದ್ದಾ ತಾರಸಿಯದ್ದಾ, ಬೈಕ್ ಉಂಟಾ, ಕಾರು ಉಂಟಾ, ಜಾಗ ಎಷ್ಟು, ಕರೆಂಟ್ ಬಿಲ್ ಎಷ್ಟು. ಇದೆಲ್ಲ ಹಿಂದೆ ಆ ಮನೆ ಹೇಗಿತ್ತು ಅಂತ ಹೇಳುವ ಗುರುತುಗಳು. ಈ ತಿಂಗಳು ಒಲೆ ಉರಿದಿದೆಯಾ ಇಲ್ಲವಾ ಅಂತ ಫಾರಂ ಕೇಳುವುದಿಲ್ಲ. ಒಳ್ಳೆಯ ಕಾಲದಲ್ಲಿ ಅದರಿಂದ ದೊಡ್ಡ ತೊಂದರೆ ಇಲ್ಲ. ನಾಲ್ಕು ಉಳ್ಳವರು ನುಸುಳ್ತಾರೆ, ನಾಲ್ಕು ಬಡವರು ತಪ್ಪಿಹೋಗ್ತಾರೆ, ಅವರು ತಾಲೂಕು ಆಫೀಸಿಗೆ ಅಲೆದು ಅಲೆದು ಕೊನೆಗೆ ಸೇರ್ತಾರೆ. ಆದರೆ ಊರಿಗೆ ಊರೇ ಒಂದೇ ತಿಂಗಳಲ್ಲಿ ಬಡವಾದ್ರೆ ಆ ಫಾರಂ ಯಾವ ಕೆಲಸಕ್ಕೂ ಬರುವುದಿಲ್ಲ.

— ಕೊಲಂಬೊದ ಆಟೊ ಚಾಲಕರ ಕತೆ ಅದೇ. ಅಲ್ಲಿ ಆಟೊಗೆ ತ್ರೀವೀಲರ್ ಅಂತಾರೆ. ಫಾರಂನಲ್ಲಿ ತ್ರೀವೀಲರ್ ಇದ್ದರೆ ಅದು ಆಸ್ತಿ. ಆಸ್ತಿ ಇದ್ದವ ಬಡವ ಅಲ್ಲ. ಆದರೆ ಪೆಟ್ರೋಲ್ ಇಲ್ಲದ ತ್ರೀವೀಲರ್ ಸಂಜೆಗೆ ಒಂದು ಸೇರು ಅಕ್ಕಿಯನ್ನೂ ತರುವುದಿಲ್ಲ. ಮೀನುಗಾರರದ್ದೂ ಹಾಗೇ. ದೋಣಿ ಉಂಟು, ಎಂಜಿನ್ ಉಂಟು, ಸೀಮೆಎಣ್ಣೆ ಇಲ್ಲ. ಲೀಟರಿಗೆ 87 ರೂಪಾಯಿ ಇದ್ದ ಸೀಮೆಎಣ್ಣೆಯನ್ನು 2022ರ ಆಗಸ್ಟಿನಲ್ಲಿ ಒಮ್ಮೆಗೇ 340 ಮಾಡಿದರು. ದೋಣಿ ದಡದಲ್ಲೇ ಉಳಿದರೆ ಮೀನುಗಾರನ ಮನೆಗೂ ಊಟ ಇಲ್ಲ, ಒಳನಾಡಿನ ಬಡವರ ತಟ್ಟೆಗೆ ಮೀನೂ ಇಲ್ಲ.

— ಮತ್ತೆ ಹೊಸ ಪಟ್ಟಿ ಮಾಡಿದರಾ?

— ಮಾಡಿದರು. ‘ಅಸ್ವೆಸುಮ’ ಅಂತ ಹೊಸ ಯೋಜನೆ. ಐಎಂಎಫ್, ವಿಶ್ವಬ್ಯಾಂಕ್ ಎರಡೂ ಒತ್ತಾಯಿಸಿದ್ದು, ನಿಜವಾದ ಬಡವರನ್ನು ವೈಜ್ಞಾನಿಕವಾಗಿ ಗುರುತಿಸಿ ಅಂತ. ಶಿಕ್ಷಣ, ಆರೋಗ್ಯ, ಮನೆ, ಆಸ್ತಿ ಅಂತ 22 ಮಾನದಂಡ. ತಿಂಗಳಿಗೆ 2,500, 5,000, 8,500, 15,000 ಹೀಗೆ ನಾಲ್ಕು ದರ್ಜೆ. ಪಟ್ಟಿ ಹೊರಬಿದ್ದಾಗ ಒಂಬತ್ತು ಲಕ್ಷಕ್ಕೂ ಹೆಚ್ಚು ಮೇಲ್ಮನವಿ ಬಂದವು.

— ಒಂಬತ್ತು ಲಕ್ಷ! ಅಷ್ಟು ಅರ್ಜಿ ಓದುವ ಗುಮಾಸ್ತರು ಯಾವ ಸರ್ಕಾರದಲ್ಲಿ ಇದ್ದಾರೆ? ಯಾವಾಗ ಬಂತು ಈ ಪಟ್ಟಿ?

— 2023ರ ಮಧ್ಯದಲ್ಲಿ. ಆಹಾರದ ಬೆಲೆ ಏರಿಕೆ ತುತ್ತತುದಿಗೆ ಹೋದದ್ದು 2022ರ ಸೆಪ್ಟೆಂಬರಿನಲ್ಲಿ. ಅಷ್ಟು ಹೊತ್ತಿಗೆ ಮನೆಗಳಲ್ಲಿ ಒಡವೆ ಅಡವು ಹೋಗಿ ಆಗಿತ್ತು, ಮಕ್ಕಳು ಶಾಲೆ ಬಿಟ್ಟು ಆಗಿತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಇನ್ನೊಂದು ವಿಷಯಕ್ಕೆ. ಪೆಟ್ರೋಲ್ ಕ್ಯೂ ಕರಗಿಸಲು 2022ರ ಜುಲೈನಲ್ಲಿ ‘ಫ್ಯುಯಲ್ ಪಾಸ್’ ತಂದರು. ಪ್ರತಿ ವಾಹನಕ್ಕೆ ಒಂದು ಕ್ಯೂಆರ್ ಕೋಡ್. ಬೈಕಿಗೆ ವಾರಕ್ಕೆ 4 ಲೀಟರ್, ಕಾರಿಗೆ 20 ಲೀಟರ್. ಕೆಲವೇ ವಾರಗಳಲ್ಲಿ ಅದು ದೇಶವಿಡೀ ನಡೆಯಿತು, ಚೆನ್ನಾಗಿಯೇ ನಡೆಯಿತು. ಯಾವ ಮಾನದಂಡವೂ ಇಲ್ಲ. ವಾಹನ ಇದ್ದರೆ ಪಾಲು ಉಂಟು.

— ವಾಹನವನ್ನು ಅಷ್ಟು ಬೇಗ ಎಣಿಸಿದವರು ಮನುಷ್ಯರನ್ನೂ ಎಣಿಸಬಹುದಿತ್ತಲ್ಲ?

— ಎಣಿಸಬಹುದಿತ್ತು. ದೊಡ್ಡವರಲ್ಲಿ ಹೆಚ್ಚಿನವರ ಹತ್ತಿರ ಗುರುತಿನ ಚೀಟಿ ಇತ್ತು, ಊರೂರಿನಲ್ಲಿ ಸಹಕಾರಿ ಅಂಗಡಿಗಳಿದ್ದವು, ಗ್ರಾಮ ಮಟ್ಟದ ಪ್ರತಿ ವಿಭಾಗಕ್ಕೊಬ್ಬ ಗ್ರಾಮ ನಿಲಧಾರಿ, ನಮ್ಮ ಗ್ರಾಮಲೆಕ್ಕಿಗರ ಹಾಗೆ. ತಲೆಗಿಷ್ಟು ಅಕ್ಕಿ, ಇಷ್ಟು ಬೇಳೆ, ಒಂದು ವರ್ಷದ ಮಟ್ಟಿಗೆ, ಕೇಳಿದವರಿಗೆಲ್ಲ. ಅದಕ್ಕೆ ವಿಜ್ಞಾನ ಬೇಕಾಗಿರಲಿಲ್ಲ. ವಾಹನ ಇಲ್ಲದವನಿಗೆ ಆ ಕ್ಯೂಆರ್‌ನಿಂದ ಏನೂ ಸಿಗಲಿಲ್ಲ ಮಾವ, ಅವನ ಹೊಟ್ಟೆಯ ಪಾಲಿಗೆ ಇನ್ನೊಂದು ವರ್ಷ ಕಾಯಬೇಕಾಯಿತು.

— ಇರು, ಇಲ್ಲಿ ನನ್ನದೊಂದು ತಕರಾರು ಉಂಟು. ಎಲ್ಲರಿಗೂ ಅಂದ್ರೆ ಶ್ರೀಮಂತರಿಗೂ ಹೋಗ್ತದೆ. ಹಣ ಇಲ್ಲದ ಸರ್ಕಾರ ಅಷ್ಟು ಎಲ್ಲಿಂದ ತರುವುದು?

— ಶ್ರೀಮಂತರು ಸೊಸೈಟಿಯ ಅಕ್ಕಿಗೆ ಸಾಲು ನಿಲ್ತಾರಾ? ನಿಮ್ಮ ಅನುಭವದಲ್ಲಿ ಹೇಳಿ.

— ನಿಲ್ಲುವುದಿಲ್ಲ, ನಿಜ. ಕಾರ್ಡ್ ಇಟ್ಟುಕೊಳ್ತಾರೆ, ಆಸ್ಪತ್ರೆಗೆ ಬೇಕು ಅಂತ. ಅಕ್ಕಿ ದಪ್ಪ ಇದ್ರೆ ತೆಗೊಳ್ಳುವುದಿಲ್ಲ. ತೆಗೊಂಡರೂ ಮಾರಿಬಿಡ್ತಾರೆ. ಮಾರುವುದು ತಪ್ಪೇ. ಅದನ್ನು ಹಿಡಿಯುವುದೇ ನಮ್ಮ ಕೆಲಸವಾಗಿತ್ತು. ಆದರೆ ಒಂದು ಮಾತು ಹೇಳ್ತೇನೆ, ಬರದ ವರ್ಷ ನಾಲ್ಕು ಚೀಲ ಸೋರಿದರೂ ಪರವಾಗಿಲ್ಲ, ಒಬ್ಬನ ಹೆಸರು ಬಿಟ್ಟುಹೋಗಬಾರದು. ಸೋರಿದ್ದನ್ನು ಮತ್ತೆ ಹಿಡಿಯಬಹುದು. ಹಸಿದವನ ದಿನ ಹೋಯ್ತು ಅಂದ್ರೆ ಹೋಯ್ತು.

— ಇದನ್ನು ನಮ್ಮ ಪಠ್ಯದಲ್ಲಿ ಸೇರ್ಪಡೆಯ ದೋಷ, ಹೊರಗುಳಿಕೆಯ ದೋಷ ಅಂತ ಕಲಿಸ್ತೇವೆ. ನಿಮ್ಮಷ್ಟು ಸ್ಪಷ್ಟವಾಗಿ ಅಲ್ಲಿ ಇಲ್ಲ.

— ಅಕ್ಕಿ ಕೊಡಬೇಕಾ ಹಣ ಕೊಡಬೇಕಾ ಅನ್ನುವುದು ಇನ್ನೊಂದು ಪ್ರಶ್ನೆ. ಈಗಿನವರೆಲ್ಲ ಖಾತೆಗೆ ಹಣ ಹಾಕಿ ಅಂತಾರೆ.

— ಬೆಲೆ ಸ್ಥಿರ ಇದ್ದಾಗ ಹಣ ಒಳ್ಳೆಯದು, ಜನ ತಮಗೆ ಬೇಕಾದ್ದು ಕೊಳ್ತಾರೆ. ಬೆಲೆ ಓಡುವಾಗ ಹಣ ಹಿಂದೆ ಬೀಳ್ತದೆ. ಇದು ಲಂಕೆಗೆ ಹೊಸ ಪಾಠವೂ ಅಲ್ಲ. 1979ರಲ್ಲಿ ರೇಷನ್ ತೆಗೆದು ಬಡವರಿಗೆ ಮಾತ್ರ ಫುಡ್ ಸ್ಟಾಂಪ್ ಕೊಟ್ಟರು. ಸ್ಟಾಂಪಿನ ಮೇಲೆ ಬರೆದ ಮೊತ್ತ ಹಾಗೇ ಉಳಿಯಿತು, ಅಂಗಡಿಯ ಬೆಲೆ ಏರುತ್ತಾ ಹೋಯಿತು. ಕೆಲವೇ ವರ್ಷಗಳಲ್ಲಿ ಆ ಚೀಟಿಗೆ ಅರ್ಧ ಬೆಲೆಯೂ ಇರಲಿಲ್ಲ. ರೇಷನ್ ಎಲ್ಲರಿಗೂ ಸಿಗುತ್ತಿದ್ದಾಗ ಅದನ್ನು ಮುಟ್ಟಲು ಸರ್ಕಾರಗಳು ಹೆದರುತ್ತಿದ್ದವು. 1953ರಲ್ಲಿ ಒಂದು ಅಳತೆ ಅಕ್ಕಿಗೆ 25 ಸೆಂಟ್ಸ್ ಇದ್ದದ್ದನ್ನು 70 ಮಾಡಿದಾಗ ಆಗಸ್ಟ್ 12ರಂದು ದೇಶವೇ ಹರತಾಳ ಮಾಡಿತು. ಮಂತ್ರಿಮಂಡಲ ಸಭೆ ಸೇರಿದ್ದು ಬಂದರಿನಲ್ಲಿ ನಿಂತಿದ್ದ ಬ್ರಿಟಿಷ್ ಯುದ್ಧನೌಕೆಯಲ್ಲಿ. ಪ್ರಧಾನಿ ಡಡ್ಲಿ ಸೇನಾನಾಯಕೆ ಆಮೇಲೆ ರಾಜೀನಾಮೆ ಕೊಟ್ಟರು. ಬಡವರಿಗೆ ಮಾತ್ರ ಅಂತ ಆದ ಮೇಲೆ ಸ್ಟಾಂಪಿನ ಬೆಲೆ ಸವೆದಾಗ ಯಾರೂ ಹರತಾಳ ಮಾಡಲಿಲ್ಲ. ಮಧ್ಯಮ ವರ್ಗಕ್ಕೆ ಅದರಲ್ಲಿ ಪಾಲಿರಲಿಲ್ಲವಲ್ಲ.

— ನಮ್ಮ ಕಾಲೊನಿಯವರಿಗೆ ಈ ವಿಷಯ ಎಲ್ಲ ಬಾಯಿಪಾಠ ಇರಬಹುದು.

— ಸುಳ್ಯದ ರಬ್ಬರ್ ಕಾಲೊನಿಯವರಾ? ನನ್ನ ಕ್ಲಾಸಿನಲ್ಲೂ ಅಲ್ಲಿಯ ಮಕ್ಕಳಿದ್ದಾರೆ.

— ಅವರೇ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಲಂಕೆಯಿಂದ ಬಂದವರು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಸುಳ್ಯ, ಪುತ್ತೂರು ಕಡೆ ಅವರಿಗೆ ಕೆಲಸ ಕೊಟ್ಟರು. ಅವರ ಕಾರ್ಡಿನ ಕೆಲಸಕ್ಕೆ ಹೋದಾಗ ಹಳಬರು ಹೇಳ್ತಿದ್ರು, ಅಲ್ಲಿ ಒಂದು ಕಾಲದಲ್ಲಿ ಬ್ರೆಡ್ಡಿಗೆ ಬೆಳಗಿನ ಜಾವದಿಂದ ಸಾಲು ನಿಲ್ತಿದ್ದೆವು ಅಂತ.

— ಅದು 1973–74. ಅಂತರರಾಷ್ಟ್ರೀಯ ಬೆಲೆ ಏರಿತು, ಸರ್ಕಾರ ರೇಷನ್ ಕಡಿತ ಮಾಡಿತು. ಹಳ್ಳಿಯವರಿಗೆ ಒಂದು ತುಂಡು ಗದ್ದೆಯಾದರೂ ಇತ್ತು, ಹಿತ್ತಲಲ್ಲಿ ಹಲಸಿನ ಮರ ಇತ್ತು. ಚಹಾ ತೋಟದ ಲೈನ್ ಮನೆಗಳಲ್ಲಿ ಇದ್ದವರಿಗೆ ಸ್ವಂತದ್ದು ಅಂತ ಒಂದು ಗೇಣು ಮಣ್ಣಿಲ್ಲ. ತೋಟಗಳಲ್ಲಿ ಸಾವಿನ ಪ್ರಮಾಣ ಎದ್ದು ಕಾಣುವಷ್ಟು ಏರಿತು. 1948ರಲ್ಲೇ ಪೌರತ್ವ ಕಿತ್ತುಕೊಂಡಿದ್ದ ಜನ, ಕೇಳುವವರೂ ಇರಲಿಲ್ಲ. ಇಲ್ಲಿಗೆ ಬಂದವರಲ್ಲಿ ಎಷ್ಟೋ ಮನೆಗಳು ಆ ಹಸಿವನ್ನು ಕಂಡೇ ಬಂದವು.

— ಅಲ್ಲೇ ಉಳಿದವರ ಗತಿ ಆಮೇಲೆ?

— 2022ರಲ್ಲಿ ಮತ್ತೆ ಅವರಿಗೇ ಅತಿ ಹೆಚ್ಚು ಪೆಟ್ಟು. ನುವರ ಎಲಿಯ, ಹಟ್ಟನ್, ಬದುಳ್ಳ ಕಡೆಯ ತೋಟಗಳಲ್ಲಿ ದಿನಗೂಲಿ 2021ರಲ್ಲಿ 1,000 ರೂಪಾಯಿ ಅಂತ ಗೆಜೆಟ್ ಆಗಿತ್ತು. ಅದು ಪೂರ್ತಿ ಸಿಗಬೇಕಾದರೆ ಹದಿನೆಂಟು, ಇಪ್ಪತ್ತು ಕಿಲೊ ಎಲೆ ಕೊಯ್ಯಬೇಕಿತ್ತು. ಗೊಬ್ಬರ ಇಲ್ಲದೆ ಗಿಡದಲ್ಲಿ ಚಿಗುರು ಕಡಿಮೆ. ಚಿಗುರು ಕಡಿಮೆ ಆದರೆ ಅಳತೆ ತುಂಬುವುದಿಲ್ಲ, ಅಳತೆ ತುಂಬದಿದ್ದರೆ ಅರ್ಧ ಕೂಲಿ. ಅವರ ಮುಖ್ಯ ಊಟ ಗೋಧಿಹಿಟ್ಟಿನ ರೊಟ್ಟಿ, ಹಿಟ್ಟಿನ ಬೆಲೆ ಹಲವು ಪಟ್ಟು ಏರಿತ್ತು. ಇನ್ನು ಸಮೃದ್ಧಿಯಲ್ಲಿ ತೋಟದವರ ಹೆಸರು ಕಡಿಮೆ, ಸಂಬಳ ಬರುವವರು ಅಂತ ಎಣಿಸಿ ಹೊರಗಿಟ್ಟದ್ದೇ ಹೆಚ್ಚು. ನಿಮ್ಮ ಫಾರಂ ಕತೆ ಇಲ್ಲೂ ಅದೇ.

— ಜನ ತಾವೇ ಏನೂ ಮಾಡ್ಲಿಲ್ಲವಾ? ನಮ್ಮಲ್ಲಿ ನೆರೆ ಬಂದಾಗ ಊರವರೇ ಗಂಜಿ ಬೇಯಿಸ್ತಾರೆ.

— ಮಾಡಿದರು. ಸರ್ಕಾರ ತಯಾರಾಗುವ ಮೊದಲು ಊಟ ಹಾಕಿದವರು ಅವರೇ. ಕೊಲಂಬೊದ ಬಡ ಬಡಾವಣೆಗಳಲ್ಲಿ ಚರ್ಚಿನವರು, ದೇವಸ್ಥಾನದವರು, ಮಸೀದಿಯವರು, ನೆರೆಹೊರೆಯ ಹೆಂಗಸರು ಸೇರಿ ಸಾಮೂಹಿಕ ಅಡುಗೆಮನೆ ಶುರು ಮಾಡಿದರು. ವೆಸಾಕ್ ಹಬ್ಬಕ್ಕೆ ದಾರಿಹೋಕರಿಗೆಲ್ಲ ಊಟ ಹಾಕುವ ‘ದನ್ಸಲ್’ ಅಲ್ಲಿ ಹಳೆಯ ಪದ್ಧತಿ, ಅದರಲ್ಲಿ ಕೈ ಪಳಗಿತ್ತು. ಹಲಸು ಅನ್ನದ ಜಾಗಕ್ಕೆ ಬಂತು. ನೂರು ವರ್ಷದ ಹಿಂದೆ ಆರ್ಥರ್ ವಿ. ಡಯಸ್ ಅನ್ನುವವರು ದೇಶವಿಡೀ ಹಲಸು ನೆಡಿಸಿದ್ದರು, ಜನ ಅವರನ್ನು ‘ಕೊಸ್ ಮಾಮ’ ಅಂತಲೇ ಕರೀತಿದ್ದರು, ಹಲಸಿನ ಮಾಮ. ಆ ಮನುಷ್ಯನ ದೂರದೃಷ್ಟಿಗೆ ನಾನು ಕೈಮುಗೀತೇನೆ.

— ನಮ್ಮ ಅಜ್ಜಿಯಂದಿರೂ ಆಟಿ ತಿಂಗಳನ್ನು ಹಲಸಿನ ಬೀಜದಲ್ಲೇ ದಾಟಿಸಿದವರು. ಅದರ ಬೆಲೆ ನನಗೆ ಗೊತ್ತುಂಟು.

— ಆದರೆ ಅದಕ್ಕೂ ಒಂದು ಮಿತಿ ಉಂಟು ಮಾವ. 2022ರ ಜೂನಿನಲ್ಲಿ ಸರ್ಕಾರಿ ನೌಕರರಿಗೆ ಶುಕ್ರವಾರ ರಜೆ ಕೊಟ್ಟು ಮನೆಯಲ್ಲಿ ತರಕಾರಿ ಬೆಳೆಯಿರಿ ಅಂದರು. ಹಿತ್ತಲು ಇದ್ದವರು ಬೆಳೆಯಬಹುದು. ಕೊಲಂಬೊದ ಒಂದೇ ಕೋಣೆಯ ಮನೆಯಲ್ಲಿ, ತೋಟದ ಲೈನಿನಲ್ಲಿ ಬದನೆ ಎಲ್ಲಿ ನೆಡುವುದು? ಹಸಿವನ್ನು ಜನರ ಮನೆಗೇ ಬಿಟ್ಟುಕೊಟ್ಟು ಸರ್ಕಾರ ಪಕ್ಕಕ್ಕೆ ಸರಿಯಬಾರದು.

— ಭಾರತವೂ ನೆರವು ಕೊಟ್ಟಿತಲ್ಲ?

— ಕೊಟ್ಟಿತು. ಆ ವರ್ಷ ಸುಮಾರು 400 ಕೋಟಿ ಡಾಲರಿನ ನೆರವು. ಅದರಲ್ಲಿ ಆಹಾರ, ಔಷಧಕ್ಕೆ ಅಂತಲೇ 100 ಕೋಟಿಯ ಸಾಲ. ತಮಿಳುನಾಡು ಅಕ್ಕಿ, ಹಾಲಿನ ಪುಡಿ, ಔಷಧ ಕಳಿಸಿತು. ಯೂರಿಯಾ ಹೋಯಿತು. ಅದು ಇಲ್ಲದಿದ್ದರೆ ಇನ್ನೂ ಕಷ್ಟ ಇತ್ತು. 2022ರ ಮಾರ್ಚಿನಲ್ಲೇ ಧನುಷ್ಕೋಡಿಗೆ ದೋಣಿಯಲ್ಲಿ ಬಂದಿಳಿದ ಕುಟುಂಬಗಳು ಯುದ್ಧಕ್ಕೆ ಹೆದರಿ ಬಂದವರಲ್ಲ, ಅಕ್ಕಿ ಕೊಳ್ಳಲಾಗದೆ ಬಂದವರು.

— ಈಗ ನಾನು ಕೇಳಬೇಕಾದ ದೊಡ್ಡ ಪ್ರಶ್ನೆ. ಸಾಲದ್ದು. 2022ರ ಏಪ್ರಿಲಿನಲ್ಲಿ ಅವರು ಸಾಲ ಕಟ್ಟುವುದಿಲ್ಲ ಅಂದರು. ನನ್ನ ಮನಸ್ಸು ಅದಕ್ಕೆ ಒಪ್ಪುವುದಿಲ್ಲ ಮಾರಾಯ್ತಿ. ನಮ್ಮ ಅಪ್ಪ ಸೊಸೈಟಿಯ ಸಾಲ ತೀರಿಸ್ಲಿಕ್ಕೆ ಹಸು ಮಾರಿದವರು. ತೆಗೊಂಡವ ಕೊಡಬೇಕು.

— ಏಪ್ರಿಲ್ 12ರಂದು ನಿಲ್ಲಿಸಿದರು. ನನ್ನ ದೂರು ಏನು ಗೊತ್ತುಂಟಾ? ನಿಲ್ಲಿಸಿದ್ದು ತಡವಾಯಿತು ಅಂತ. ಅದೇ ವರ್ಷ ಜನವರಿ 18ರಂದು 50 ಕೋಟಿ ಡಾಲರಿನ ಒಂದು ಬಾಂಡನ್ನು ಅಸಲು ಪೂರ್ತಿ ತೀರಿಸಿದರು. ಬೇಡ, ಈ ಹಣ ಆಹಾರಕ್ಕೆ, ಔಷಧಕ್ಕೆ, ಇಂಧನಕ್ಕೆ ಉಳಿಯಲಿ ಅಂತ ಅಲ್ಲಿನ ಅರ್ಥಶಾಸ್ತ್ರಜ್ಞರೇ ಹೇಳಿದ್ದರು. ಮೇ ತಿಂಗಳಿಗೆ ದೇಶದಲ್ಲಿ ಬಳಸಲು ಉಳಿದದ್ದು 5 ಕೋಟಿ ಡಾಲರಿಗಿಂತ ಕಡಿಮೆ ಅಂತ ಹಣಕಾಸು ಮಂತ್ರಿಯೇ ಹೇಳಿದರು. ಜನವರಿಯಲ್ಲಿ ಕೊಟ್ಟದ್ದರ ಹತ್ತನೇ ಒಂದು ಪಾಲೂ ಇಲ್ಲ.

— ಜನವರಿಯಲ್ಲಿ ಕೊಟ್ಟರೂ ಮೇನಲ್ಲಿ ಮರ್ಯಾದೆ ಉಳಿಯಲಿಲ್ಲ ಅಂತಾಯ್ತು.

— ಹೌದು. ನಿಮ್ಮ ಅಪ್ಪ ಹಸು ಮಾರಿದರು. ಮಕ್ಕಳ ಊಟ ಮಾರಲಿಲ್ಲ.

— ಮಾರಲಿಲ್ಲ. ಆದರೆ ಸಾಲ ಕೊಟ್ಟವನಿಗೂ ಮಕ್ಕಳಿರ್ತಾರೆ.

— ಬಾಂಡ್ ಕೊಂಡವರು ಹೆಚ್ಚು ಬಡ್ಡಿ ಸಿಗ್ತದೆ ಅಂತ ಕೊಂಡರು. ಬಡ್ಡಿ ಹೆಚ್ಚು ಇದ್ದದ್ದೇ ಅಪಾಯ ಹೆಚ್ಚು ಇದ್ದದ್ದಕ್ಕೆ. ಅಪಾಯ ಬಂದಾಗ ಅವರೂ ಒಂದು ಪಾಲು ಹೊರಬೇಕು. ನಾನು ಸಾಲ ಕೊಡಬೇಡಿ ಅನ್ನುವುದಿಲ್ಲ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಅನ್ನುವ ಸರದಿಯ ಬಗ್ಗೆ ಹೇಳ್ತಿದ್ದೇನೆ. ಆಮೇಲೆ ನಡೆದದ್ದನ್ನು ನೋಡಿ. 2023ರ ಮಾರ್ಚಿನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರ್ ಒಪ್ಪಿತು. ಲಂಕೆ ಅವರ ಬಾಗಿಲಿಗೆ ಹೋದದ್ದು ಅದು ಹದಿನೇಳನೇ ಸಲ. ಆ ಒಪ್ಪಿಗೆಗಾಗಿ ಮೊದಲೇ ಕರೆಂಟ್ ದರವನ್ನು 2022ರ ಆಗಸ್ಟಿನಲ್ಲಿ ನೂರಕ್ಕೆ 75, ಮುಂದಿನ ಫೆಬ್ರವರಿಯಲ್ಲಿ ಮತ್ತೆ 66 ಏರಿಸಿದರು. ವ್ಯಾಟ್ 2024ರ ಜನವರಿಯಲ್ಲಿ 18 ಆಯಿತು. ವ್ಯಾಟ್ ಅಂದರೆ ಸೋಪು ಕೊಂಡರೂ ಕಟ್ಟಬೇಕು, ಚಹಾ ಕೊಯ್ಯುವವಳೂ ಕಟ್ಟಬೇಕು. ದೇಶದೊಳಗಿನ ಸಾಲವನ್ನು ಮರುಹೊಂದಿಸುವಾಗ ಭಾರ ಹಾಕಿದ್ದು ಬಹುತೇಕ ಕಾರ್ಮಿಕರ ಭವಿಷ್ಯನಿಧಿಯ ಮೇಲೆ. ಬ್ಯಾಂಕುಗಳನ್ನು ಬಹುಮಟ್ಟಿಗೆ ಬಿಟ್ಟರು.

— ಪಿಎಫ್ ಮೇಲೆಯಾ? ಕೂಲಿಯವರು ಮುದಿಪ್ರಾಯಕ್ಕೆ ಅಂತ ಇಟ್ಟದ್ದರ ಮೇಲೆ?

— ಅದರ ಮೇಲೆಯೇ.

— ಇದು ಸರಿಯಲ್ಲ. ಸಾಲದ ವಿಷಯದಲ್ಲಿ ನನ್ನ ಮಾತು ನನಗೆ ಉಂಟು, ಅದನ್ನು ಬಿಡುವುದಿಲ್ಲ. ಆದರೆ ಇದು ಸರಿಯಲ್ಲ. ಐಎಂಎಫ್‌ನವರು ಬಡವರ ಬಗ್ಗೆ ಏನೂ ಹೇಳಲಿಲ್ಲವಾ?

— ಹೇಳಿದರು. ಬಡವರ ಯೋಜನೆಗಳಿಗೆ ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡಬಾರದು ಅಂತ ಒಂದು ಮಿತಿ ಹಾಕಿದರು, ಜಿಡಿಪಿಯ ನೂರಕ್ಕೆ 0.6 ಅಂತ. ಅದು ಏನೂ ಇಲ್ಲದ್ದಕ್ಕಿಂತ ಒಳ್ಳೆಯದು. ಆದರೆ ಜನರಲ್ಲಿ ನಾಲ್ಕರಲ್ಲಿ ಒಂದು ಪಾಲು ಬಡತನದಲ್ಲಿದ್ದ ದೇಶದಲ್ಲಿ ನೂರರಲ್ಲಿ ಒಂದು ರೂಪಾಯಿಯೂ ಪೂರ್ತಿ ಅಲ್ಲ. ತೆರಿಗೆ ಏರಿಸಲೇಬೇಕಿತ್ತು, ನಾನು ಒಪ್ಪುತ್ತೇನೆ. ಆಸ್ತಿಯ ಮೇಲೆ, ದೊಡ್ಡ ಆದಾಯದ ಮೇಲೆ ಮೊದಲು ಏರಿಸಬೇಕಿತ್ತು.

— ಸರಿ, ನಿನ್ನನ್ನೇ ಕೊಲಂಬೊದಲ್ಲಿ ಅಧಿಕಾರಿ ಮಾಡಿದ್ದರೆ? ಮೊದಲ ತಿಂಗಳು ಏನು ಮಾಡ್ತಿದ್ದೆ?

— ಉಳಿದ ಡಾಲರಿನಲ್ಲಿ ಮೊದಲ ಸರದಿ ಬೇಳೆ, ಹಾಲಿನ ಪುಡಿ, ಔಷಧ, ಮೀನುಗಾರರ ಸೀಮೆಎಣ್ಣೆ, ಭತ್ತದ ಗೊಬ್ಬರಕ್ಕೆ. ಸಾಲದವರಿಗೆ ಅದೇ ದಿನ ಕಾಗದ, ಕೂತು ಮಾತಾಡುವ ಅಂತ. ನೀವಾದರೆ?

— ನಾನು ಸಣ್ಣ ಕೆಲಸದವ, ಡಾಲರ್ ಗೊತ್ತಿಲ್ಲ. ನಾನಾದ್ರೆ ಮೊದಲ ದಿನ ಶಾಲೆಗಳನ್ನು ಹಿಡಿತಿದ್ದೆ. ಶಾಲೆಯಲ್ಲಿ ಮಕ್ಕಳ ಹಾಜರಿ ಪುಸ್ತಕ ಉಂಟು, ಹೊಸ ಪಟ್ಟಿ ಬೇಡ. ಅಡುಗೆ ಮಾಡ್ಲಿಕ್ಕೆ ಊರಿನ ತಾಯಂದಿರಿದ್ದಾರೆ, ಅವರಿಗೂ ಕೂಲಿ ಸಿಗ್ತದೆ. ಊಟ ಉಂಟು ಅಂದ್ರೆ ಮಗು ಶಾಲೆ ಬಿಡುವುದಿಲ್ಲ. ರಜೆಯಲ್ಲೂ ಒಲೆ ನಿಲ್ಲಿಸಬಾರದು. ಎರಡನೇ ದಿನ ಗರ್ಭಿಣಿಯರು, ಅವರ ಪಟ್ಟಿ ಸೂಲಗಿತ್ತಿ ನರ್ಸಿನ ಹತ್ರ ಇರ್ತದೆ. ಮೂರನೇ ದಿನ ಸೊಸೈಟಿ ಅಂಗಡಿ, ತಲೆಗಿಷ್ಟು ಅಂತ. ಆ ಇಪ್ಪತ್ತೆರಡು ಮಾನದಂಡವನ್ನು ಒಂದು ವರ್ಷ ಕಳೆದ ಮೇಲೆ ನಿಧಾನವಾಗಿ ಮಾಡಲಿ.

— ಅಲ್ಲಿ ಕೊನೆಗೆ ಅದೇ ದಾರಿಗೆ ಬಂದರು ಮಾವ. 2024ರ ಮಾರ್ಚಿನಿಂದ ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳಿಗೂ ಊಟ ಅಂತ ಮಾಡಿದರು. ಎಲ್ಲ ಮಕ್ಕಳಿಗೂ, ಯಾವ ಮನೆಯ ಮಗು ಅಂತ ಕೇಳದೆ.

— ಎರಡು ವರ್ಷ ತಡವಾಗಿ.

— ಎರಡು ವರ್ಷ ತಡವಾಗಿ.

— ಈಗ ಅಲ್ಲಿ ಎಲ್ಲ ಸರಿಯಾಗಿದೆ ಅಂತ ಹೇಳ್ತಾರಲ್ಲ? ಪ್ರವಾಸಿಗರು ಹೋಗ್ತಿದ್ದಾರೆ, ಹೊಸ ಅಧ್ಯಕ್ಷರು ಬಂದಿದ್ದಾರೆ.

— 2024ರ ಸೆಪ್ಟೆಂಬರಿನಲ್ಲಿ ಅನುರ ಕುಮಾರ ದಿಸನಾಯಕೆ ಗೆದ್ದರು. ಆ ವರ್ಷ ಆರ್ಥಿಕತೆ ನೂರಕ್ಕೆ 5ರಷ್ಟು ಬೆಳೆಯಿತು. ಆ ವರ್ಷದ ಕೊನೆಗೆ ಕ್ಯೂ ಇರಲಿಲ್ಲ, ಕಪಾಟು ತುಂಬಿತ್ತು. ಬೆಲೆ ಏರುವುದು ನಿಂತಿತ್ತು. ಆದರೆ ಎರಡು ಪಟ್ಟಾದ ಬೆಲೆ ಏರುವುದು ನಿಂತ ಮಾತ್ರಕ್ಕೆ ಹಳೆಯ ಜಾಗಕ್ಕೆ ಇಳಿಯುವುದಿಲ್ಲ, ಕೂಲಿ ಅದರ ಹಿಂದೆ ಏದುಸಿರು ಬಿಡ್ತಾ ಇತ್ತು. 2019ರಲ್ಲಿ ಆ ದೇಶದಲ್ಲಿ ನೂರಕ್ಕೆ ಸುಮಾರು ಹನ್ನೊಂದು ಜನ ಬಡವರಿದ್ದರು. 2022ರಲ್ಲಿ ಇಪ್ಪತ್ತೈದಾಯಿತು. ಎಲ್ಲ ಸರಿಯಾಯಿತು ಅಂದ 2024ರಲ್ಲೂ ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಅದು ಇಪ್ಪತ್ತನಾಲ್ಕರ ಮೇಲೆಯೇ ಇತ್ತು.